ಮೇಲೆ ತೇಲಿದ ಸಸಲು

ಹೊಳೆಮ್ಮ ಅಂಬಿಗರ ಮನೆಯಲ್ಲಿ ಹುಟ್ಟಿದವಳು, ಅಂಬಿಗರ ಮನೆಗೇ ಸೊಸೆಯಾಗಿ ಬಂದವಳು, ಸಾಲದ್ದಕ್ಕೆ ಹೆಸರು ಬೇರೆ ಹೊಳೆಮ್ಮ. ಆದರೆ ಹೊಳೆ ಕಂಡರೆ ಅವಳಿಗೆ ಕೈಕಾಲು ತಣ್ಣಗಾಗುತ್ತಿದ್ದವು. ಜನ್ಮದಲ್ಲಿ ಹರಿಗೋಲು ಹತ್ತಿದವಳಲ್ಲ. ಮೊಣಕಾಲು ಮುಳುಗುವ ನೀರಿಗೆ ಇಳಿದವಳಲ್ಲ. ತಳವಾರಘಟ್ಟದ ಹೆಂಗಸರೆಲ್ಲ ಬಟ್ಟೆ ಒಗೆಯಲು ಹೊಳೆಗೆ ಹೊರಟರೆ ಇವಳೊಬ್ಬಳು ಗಂಟು ಹೊತ್ತುಕೊಂಡು ಅವರಿಗೆ ಬೆನ್ನು ಮಾಡಿ ಕಾಲುವೆಯ ಕಡೆ ನಡೆಯುತ್ತಿದ್ದಳು.

ಯಾಕೆ ಇಷ್ಟೊಂದು ಅಂಜಿಕೆ ಅಂತ ಕೇಳಿದರೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಕತೆ. ಸಣ್ಣವಳಿದ್ದಾಗ ಬಂಡೆಯ ಮೇಲೆ ಮಲಗಿದ್ದ ಮೊಸಳೆಯನ್ನು ತುಳಿದಿದ್ದಳಂತೆ, ಯಾರೋ ಜೋಗತಿ ನೀರಿನ ಗಂಡಾಂತರ ಇದೆ ಅಂದಿದ್ದಳಂತೆ. ಎಲ್ಲ ಶುದ್ಧ ಸುಳ್ಳು. ಏನೂ ಆಗಿರಲಿಲ್ಲ. ಕೆಲವರಿಗೆ ಬೆಕ್ಕು ಕಂಡರೆ ಆಗುವುದಿಲ್ಲ, ಹೊಳೆಮ್ಮನಿಗೆ ತಳ ಕಾಣದ ನೀರು ಕಂಡರೆ ಆಗುತ್ತಿರಲಿಲ್ಲ, ಅಷ್ಟೇ. ಅಂಜಿಕೆಗೂ ಒಂದು ಸಾಕ್ಷಿ ಬೇಕು ಅನ್ನುವವರ ಮಾತಿಗೆ ಕಿವಿ ಕೊಡಬಾರದು.

ಗಂಡ ಗವಿಸಿದ್ದಪ್ಪ ಒಳ್ಳೆಯ ಮನುಷ್ಯ. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಗದರಿಸಿ ನೋಡಿದ, ಒಂದು ಸಲ ಎತ್ತಿ ಹರಿಗೋಲಿನಲ್ಲಿ ಕೂರಿಸಲು ಹೋದ. ಅವಳು ಅವನ ಕೊರಳಿಗೆ ಜೋತುಬಿದ್ದು ಉಸಿರು ಕಟ್ಟಿ ನೀಲಿಯಾದ ಮೇಲೆ ಆ ಮಾತೇ ಬಿಟ್ಟ. ಅವನು ವರ್ಷದ ಬಹಳ ಕಾಲ ಹೊಸಪೇಟೆಯ ಆಚೆ ಡ್ಯಾಮಿನ ಹಿನ್ನೀರಿನಲ್ಲಿ ಗುತ್ತಿಗೆದಾರರ ಕಡೆಯಿಂದ ಬಲೆ ಹಾಕುತ್ತಿದ್ದ. ಅವನು ದೊಡ್ಡ ಮೀನಿನವನು. ಹೊಳೆಮ್ಮ ಸಸಲಿನವಳು.

ಸಸಲು ಅಂದರೆ ಬೆರಳುದ್ದದ ಮೀನು. ಬೆಳ್ಳನೆಯ ಮೈ, ಕಣ್ಣಿನಿಂದ ಬಾಲದವರೆಗೆ ಕಾಡಿಗೆ ತೀಡಿದ ಹಾಗೆ ಒಂದು ಗೆರೆ. ಬಲೆಯ ಕಣ್ಣಲ್ಲಿ ನುಸುಳಿ ಹೋಗುವ ಅದನ್ನು ಗಂಡಸರು ಮೀನಿನ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆದರೆ ಹಂಪಿಯ ಗದ್ದೆಗಳಿಗೆಲ್ಲ ನೀರುಣಿಸುವ ತುರ್ತಾ ಕಾಲುವೆ ಇದೆಯಲ್ಲ, ಅದು ಸಸಲಿನ ತವರು. ರಾಯರ ಕಾಲದ ಕಾಲುವೆ. ಕಲ್ಲಿಗೆ ಕಲ್ಲು ಜೋಡಿಸಿ ಕಟ್ಟಿದ ದಂಡೆ. ಆ ಕಲ್ಲುಗಳ ಸಂದಿನಲ್ಲಿ, ಹೊಂಗೆಯ ಬೇರು ನೀರಿಗಿಳಿದ ಕಡೆ, ತೂಬಿನ ಕೆಳಗಿನ ನೆರಳಿನಲ್ಲಿ, ಪಾಚಿ ಹಿಡಿದ ತೆಳು ನೀರಿನಲ್ಲಿ ಅವು ಗುಂಪುಗುಂಪಾಗಿ ಇರುತ್ತಿದ್ದವು, ಎಲ್ಲದರ ಮೋರೆಯೂ ನೀರು ಬರುವ ಕಡೆಗೆ. ಸೆಳೆತ ಹೆಚ್ಚಾದರೆ ಸಂದಿನೊಳಕ್ಕೆ, ಕಡಿಮೆಯಾದರೆ ಹೊರಕ್ಕೆ. ಹಕ್ಕಿಯ ನೆರಳು ಬಿದ್ದರೂ ಓಡುವ ಪುಕ್ಕಲು ಮೀನು. ಹೊಳೆಮ್ಮನಿಗೂ ಅದಕ್ಕೂ ಹೊಂದಿಕೆಯಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಿಡಿಯುವ ಬಗೆಯೂ ಅವಳದೇ. ಹಳೆಯ ಸೀರೆಯ ತುಂಡನ್ನು ನೀರಿನ ತಳಕ್ಕೆ ಹಾಸಿ, ಅಂಚಿಗೆ ಕಲ್ಲು ಹೇರಿ, ಮೇಲೆ ಒಂದಿಷ್ಟು ತೌಡು ಉದುರಿಸುವಳು. ಆಮೇಲೆ ದಂಡೆಯ ಮೇಲೆ ಕುಳಿತು ಎರಡೂ ಪಾದ ನೀರಿಗೆ ಇಳಿಬಿಟ್ಟು ಅಲ್ಲಾಡದೆ ಕಾಯುವಳು. ಸ್ವಲ್ಪ ಹೊತ್ತಿಗೆ ಒಂದು ಬಂದು ಕಾಲ್ಬೆರಳನ್ನು ಕಚ್ಚಿ ನೋಡುತ್ತದೆ. ಅದು ಕಚ್ಚಿದರೆ ಉಳಿದವಕ್ಕೂ ಧೈರ್ಯ ಬರುತ್ತದೆ. ಹತ್ತಾರು ಕಚ್ಚಿ ಕಚಗುಳಿ ಎದ್ದಾಗ ಸೀರೆಯನ್ನು ನಾಲ್ಕೂ ಮೂಲೆ ಹಿಡಿದು ಎತ್ತಿದರೆ ಒಂದು ಬೊಗಸೆ ಸಸಲು.

ಎರಡು ಪದ್ಧತಿಗಳನ್ನು ಅವಳು ಎಂದೂ ತಪ್ಪಿದವಳಲ್ಲ. ಮೊದಲ ಹಿಡಿ ಮೀನನ್ನು ಗಂಗಮ್ಮನಿಗೆಂದು ನೀರಿಗೇ ಬಿಡುವುದು. ಅವು ಬಾಲ ಬೀಸಿ ಸಂದು ಸೇರುವುದನ್ನು ನೋಡಿಯೇ ಏಳುವುದು. ಇನ್ನೊಂದು, ಯಾರ ಮನೆಗೇ ಕೊಡಲಿ, ನೀರು ತುಂಬಿದ ಗಡಿಗೆಯಲ್ಲಿ ಜೀವಂತ ಮೀನನ್ನೇ ಕೊಡುವುದು. ಸತ್ತ ಮೀನು ಯಾವಾಗ ಸತ್ತದ್ದೋ, ತಿಂದವರಿಗೆ ಏನಾದರೂ ಆದರೆ ಅಂತ ಅವಳಿಗೆ ಅಂಜಿಕೆ. ಪಕ್ಕದ ಮನೆಯ ದುರ್ಗಕ್ಕ ಇದನ್ನು ಆಡಿಕೊಂಡಷ್ಟು ಯಾರೂ ಆಡಿಕೊಂಡಿರಲಿಲ್ಲ.

"ಕೊಂದು ತಿನ್ನೋ ಮೀನ್ಗೆ ಮೆರವಣಿಗಿ ಮಾಡ್ಕಂಡು ಬರ್ತಾಳ ನೋಡ್ರೆವ್ವಾ," ಅನ್ನುವಳು ದುರ್ಗಕ್ಕ. "ನಾಳಿ ಅವಕ್ಕ ಕುಲಾವಿ ಹೊಲಸ್ತಾಳ."

ಹೊಳೆಮ್ಮ ನಕ್ಕುಬಿಡುವಳು. ಗಡಿಗೆ ಮಾತ್ರ ಬಿಟ್ಟವಳಲ್ಲ.

ಡ್ಯಾಮು ತುಂಬಿ ಎರಡು ದಶಕವಾಗುತ್ತ ಬಂದಿದ್ದ ಕಾಲ ಅದು. ಕಂಪ್ಲಿಯ ಕಡೆ, ಮೆಟ್ರಿಯ ಕಡೆ, ಎಲ್ಲಿ ನೋಡಿದರೂ ಭತ್ತ, ಕಬ್ಬು, ಬಾಳೆ. ಒಂದು ಬೆಳೆ ಕೊಯ್ಯುವಾಗಲೇ ಇನ್ನೊಂದಕ್ಕೆ ಸಸಿಮಡಿ ಸಿದ್ಧ. ಜೋಪಡಿಗಳು ಹೋಗಿ ಮಾಳಿಗೆಗಳು ಎದ್ದವು, ಮಾಳಿಗೆಗಳ ಒಳಗೆ ರೇಡಿಯೊ ಹಾಡತೊಡಗಿತು. ಭತ್ತದ ಜೊತೆಗೆ ಹುಳವೂ ಬಂತು, ಹುಳದ ಬೆನ್ನಿಗೆ ಎಂಡ್ರಿನ್ ಡಬ್ಬಿ ಬಂತು. ಎಂಡ್ರಿನ್ ಅಂದರೆ ಹುಳದ ಎಣ್ಣೆ; ಗಂಡನ ಮೇಲೆ ಸಿಟ್ಟಾದ ಹೆಂಗಸರು ಕುಡಿದು ಸಾಯುತ್ತಿದ್ದದ್ದೂ ಅದನ್ನೇ. ಆ ಹೆಸರು ಕೇಳಿದರೆ ಮಕ್ಕಳೂ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಆದರೂ ಪ್ರತಿ ಹೊಲದ ಬದುವಿನಲ್ಲಿ ಒಂದು ಖಾಲಿ ಡಬ್ಬಿ ಬಿದ್ದಿರುತ್ತಿತ್ತು.

ಹೊಳೆಮ್ಮನಿಗೆ ಇದ್ದವಳು ಒಬ್ಬಳೇ ಮಗಳು, ಭೀಮಮ್ಮ. ಅವಳನ್ನು ಹೊಳೆಯ ಆಚೆ ಆನೆಗುಂದಿಗೆ ಕೊಟ್ಟಿತ್ತು. ತಳವಾರಘಟ್ಟದಲ್ಲಿ ನಿಂತರೆ ಆಚೆ ದಡದ ಕೋಟೆ ಬಾಗಿಲು ಕಾಣುತ್ತದೆ, ಜೋರಾಗಿ ಕೂಗಿದರೆ ಓಗೊಡುತ್ತಾರೆ. ಹರಿಗೋಲಿನಲ್ಲಿ ಒಂದು ಬೀಡಿ ಸೇದಿ ಮುಗಿಯುವಷ್ಟರಲ್ಲಿ ದಾಟಬಹುದು. ಹೊಳೆಮ್ಮ ಮಾತ್ರ ಕಮಲಾಪುರಕ್ಕೆ ನಡೆದು, ಬಸ್ಸು ಹಿಡಿದು ಕಂಪ್ಲಿಗೆ ಹೋಗಿ, ಅಲ್ಲಿ ಸೇತುವೆ ದಾಟಿ, ಗಂಗಾವತಿಯಲ್ಲಿ ಇನ್ನೊಂದು ಬಸ್ಸಿಗೆ ಕಾದು, ಹೊತ್ತು ಮುಳುಗುವಾಗ ಮಗಳ ಮನೆ ಮುಟ್ಟುತ್ತಿದ್ದಳು. ಸೇತುವೆಯ ಮೇಲೂ ಕಣ್ಣು ಮುಚ್ಚಿಕೊಂಡೇ ಕೂರುವಳು. ಮಗಳ ಮದುವೆಯಲ್ಲಿ ದಿಬ್ಬಣವೆಲ್ಲ ಹರಿಗೋಲಿನಲ್ಲಿ ದಾಟಿ ಊಟಕ್ಕೆ ಕುಳಿತಾಗ ಹೆತ್ತ ತಾಯಿ ಗಂಗಾವತಿಯ ಬಸ್ ಸ್ಟ್ಯಾಂಡಿನಲ್ಲಿದ್ದಳು. ಅದನ್ನು ನೆನೆಸಿಕೊಂಡು ಆಮೇಲೂ ಎಷ್ಟೋ ಸಲ ಅತ್ತಿದ್ದಳು.

ಭೀಮಮ್ಮನ ಮೊದಲ ಕೂಸು ಉಳಿಯಲಿಲ್ಲ. ತವರಿನಲ್ಲೇ ಹುಟ್ಟಿ, ತವರಿನಲ್ಲೇ ಕಣ್ಣು ಮುಚ್ಚಿತು. ಎರಡನೆಯದು ಹೆಣ್ಣು, ಗಂಡನ ಮನೆಯಲ್ಲೇ ಹೆರಿಗೆ ಆಯಿತು. ಕೂಸು ಚೆನ್ನಾಗಿತ್ತು, ಆದರೆ ಭೀಮಮ್ಮನಿಗೆ ಹಾಲು ಸಾಲದು. ಬಾಣಂತಿಗೆ ಹಾಲು ಇಳಿಯಬೇಕಾದರೆ ಸಸಲಿನ ಸಾರು ಕೊಡಬೇಕು ಅನ್ನುವುದು ಅಂಬಿಗರ ಮನೆಗಳಲ್ಲಿ ಅಜ್ಜಿಯರ ಕಾಲದ ಮಾತು. ಹೊಳೆಮ್ಮ ಮೀನು ಹಿಡಿದು ಗಡಿಗೆಯಲ್ಲಿ ಹಾಕಿ ಕೊಡುವಳು. ಗಂಡನ ತಮ್ಮ ತಾಯಪ್ಪ ಅದನ್ನು ತನ್ನ ಹರಿಗೋಲಿನಲ್ಲಿ ಆಚೆ ದಡಕ್ಕೆ ಒಯ್ದು, ನೀರಿಗೆ ಬಂದ ಓಣಿಯ ಹೆಂಗಸರ ಕೈಗೆ ಕೊಟ್ಟು ಮಗಳ ಮನೆಗೆ ಮುಟ್ಟಿಸುವನು. ಅಂಬಿಗನ ಪಾಲು ಅಂತ ಒಂದು ಹಿಡಿ ಅವನಿಗೆ. ಹೊಳೆ ದಾಟಿ ಹೋಗುವ ಯಾವುದೇ ಮೀನಿನಲ್ಲಿ ದಾಟಿಸಿದವನಿಗೆ ಒಂದು ಹಿಡಿ, ಅದು ಯಾರೂ ಕೇಳಿ ಕೊಡುವುದಲ್ಲ.

ಆ ಬೇಸಿಗೆಯಲ್ಲಿ ಹೂಳು ತೆಗೆಯುವುದಕ್ಕೆಂದು ಕಾಲುವೆಯ ನೀರು ನಿಲ್ಲಿಸಿದ್ದರು. ನೀರು ನಿಂತರೆ ಕಾಲುವೆ ಪೂರ್ತಿ ಒಣಗುವುದಿಲ್ಲ. ತೂಬಿನ ಕೆಳಗೆ, ತಿರುವುಗಳಲ್ಲಿ ಮೊಣಕಾಲುದ್ದದ ಗುಂಡಿಗಳು ಉಳಿಯುತ್ತವೆ, ಸಸಲೆಲ್ಲ ಅಲ್ಲಿ ಸೇರುತ್ತದೆ. ಆ ದಿನಗಳಲ್ಲಿ ಊರಿನ ಹುಡುಗರು ಗುಡ್ಡದಿಂದ ಕಾರೆಕಾಯಿ ತಂದು ಕುಟ್ಟಿ ಗುಂಡಿಗೆ ಹಾಕುತ್ತಾರೆ. ಮೀನು ಮತ್ತೇರಿ ಮೇಲೆ ತೇಲುತ್ತದೆ, ದೊಡ್ಡವನ್ನು ಆರಿಸಿಕೊಂಡು ಸಣ್ಣವನ್ನು ಬಿಟ್ಟು ಹೋಗುತ್ತಾರೆ. ಕಾರೆಕಾಯಿಯ ಮೀನು ತಿಂದರೆ ಏನೂ ಆಗುವುದಿಲ್ಲ, ಮುತ್ತಜ್ಜನ ಕಾಲದಿಂದ ಎಲ್ಲರೂ ತಿಂದಿದ್ದಾರೆ. ಹೊಸ ನೀರಿಗೆ ಬಿಟ್ಟರೆ ಆ ಮೀನು ಮತ್ತೆ ಚೇತರಿಸಿಕೊಳ್ಳುತ್ತದೆ ಕೂಡ.

ಅಂಥದೊಂದು ದಿನ ಸಂಜೆ ತಾಯಪ್ಪ ಸುದ್ದಿ ತಂದ. ಕೂಸು ಅಳು ನಿಲ್ಲಿಸುತ್ತಿಲ್ಲ, ಹಾಲು ಇಲ್ಲವೇ ಇಲ್ಲ. ಹೊಳೆಮ್ಮನಿಗೆ ಕಣ್ಣು ಮುಚ್ಚಿದರೆ ಮೊದಲ ಕೂಸಿನ ಮುಖ. ಮರುದಿನ ಬೆಳಕು ಹರಿಯುತ್ತಲೇ ತೂಬಿನ ಕೆಳಗಿನ ಗುಂಡಿಗೆ ಓಡಿದಳು. ನೋಡಿದರೆ ಗುಂಡಿಯ ತುಂಬ ಸಸಲು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಯಾರೋ ಕಾರೆಕಾಯಿ ಹಾಕಿ ದೊಡ್ಡವನ್ನು ಒಯ್ದಿದ್ದಾರೆ ಅಂದುಕೊಂಡಳು. ಅಂಬಿಗರವಳು ಬೇರೇನು ಅಂದುಕೊಂಡಾಳು? ಸೀಮೆಎಣ್ಣೆಯ ಹಾಗೆ ಒಂದು ವಾಸನೆ ಇತ್ತು. ಮೇಲಿನ ಗದ್ದೆಗೆ ನೀರೆತ್ತುವ ಪಂಪಿನದು ಅಂದುಕೊಂಡಳು. ಸೀರೆ ಹಾಸುವ ಕೆಲಸವೇ ಇಲ್ಲ, ಬುಟ್ಟಿಯಲ್ಲಿ ಬಾಚಿಕೊಂಡಳು.

ಗಂಗಮ್ಮನ ಹಿಡಿಯನ್ನು ಪಕ್ಕದ ತಿಳಿನೀರಿನ ಗುಂಡಿಗೆ ಬಿಟ್ಟಳು. ಒಂದೂ ಅಲುಗಲಿಲ್ಲ. ಹೊಳೆಮ್ಮನ ಎದೆಯಲ್ಲಿ ಏನೋ ಚುರುಕ್ ಅಂದಿತು. ಇನ್ನೊಂದು ಗಳಿಗೆ ಕೂತಿದ್ದರೆ ಆ ಚುರುಕು ಮಾತಾಗುತ್ತಿತ್ತೇನೋ. ಅಷ್ಟರಲ್ಲಿ ಹರಿಗೋಲು ನಿಲ್ಲುವ ಘಟ್ಟದಿಂದ ತಾಯಪ್ಪನ ಕೂಗು ಕೇಳಿಸಿತು, ಮೊದಲ ಹರಿಗೋಲು ಹೊರಡುವುದರಲ್ಲಿತ್ತು. ಕಾರೆಕಾಯಿ ಜಾಸ್ತಿ ಹಾಕಿದ್ದಾರೆ ಅಂತ ತನಗೆ ತಾನೇ ಹೇಳಿಕೊಂಡು, ಗಡಿಗೆ ಬೇಡವೆಂದು ಬಾಳೆ ಎಲೆಯಲ್ಲಿ ಮೀನು ಕಟ್ಟಿ, ಓಡಿಹೋಗಿ ಅವನ ಕೈಗೆ ಕೊಟ್ಟಳು. ಅವನು ಪೊಟ್ಟಣ ಬಿಚ್ಚಿ ತನ್ನ ಹಿಡಿ ತೆಗೆದುಕೊಂಡ. ಉಳಿದ ಮೀನನ್ನು ಅವಳು ಮನೆಯ ಮುಂದಿನ ಬಂಡೆಯ ಮೇಲೆ ಒಣಗಲು ಹರಡಿದಳು.

ಬಿಸಿಲು ಏರುತ್ತಿತ್ತು. ಹೊಳೆಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಹೊರಗೆ ದುರ್ಗಕ್ಕನ ದನಿ.

"ಏನ್ ಹಾಕೀಯ ಹೊಳೆವ್ವ ನನ್ ಕೋಳಿಗೆ? ಬಂದು ನೋಡು."

ಬಂಡೆಯ ಬುಡದಲ್ಲಿ ದುರ್ಗಕ್ಕನ ಹೇಂಟೆ ಒಂದು ರೆಕ್ಕೆ ನೆಲಕ್ಕೆ ಊರಿ ಗಿರಗಿರ ಸುತ್ತುತ್ತಿತ್ತು. ಕತ್ತು ಹಿಂದಕ್ಕೆ ತಿರುಚಿತ್ತು. ಅದರ ಆಚೆ ಇನ್ನೊಂದು ಕೋಳಿ ಕಾಲು ಚಾಚಿ ನಡುಗುತ್ತಿತ್ತು. ಒಂದು ಸಸಲು ಅದರ ಕೊಕ್ಕಿನಲ್ಲಿ ಇನ್ನೂ ಇತ್ತು. ಹೊಳೆಮ್ಮ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು.

ಅದೇ ಹೊತ್ತಿಗೆ ಕಾಲುವೆಯ ಏರಿಯ ಮೇಲೆ ಜಂಬಪ್ಪ ಬಂದ. ಮೇಲಿನ ಗದ್ದೆಯ ಸಾಹುಕಾರ ಚನ್ನಯ್ಯನವರ ಹೊಲದಾಳು ಅವನು, ಬಡಪಾಯಿ, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಕೋಳಿ ನೋಡಿ ನಿಂತ, ಬಂಡೆಯ ಮೇಲಿನ ಮೀನು ನೋಡಿದ, ಅವನ ಮುಖ ಇಳಿಯಿತು.

"ತೂಬಿನ ಗುಂಡ್ಯಾಗಿನ ಮೀನೇನು ಇವು?" ಅಂದ.

"ಹೂಂ. ಯಾರೋ ಕಾರೆಕಾಯಿ ಹಾಕಿದ್ರು."

"ಕಾರೆಕಾಯಿ ಅಲ್ಲಬೇ." ಜಂಬಪ್ಪ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಮುದ್ದೆ ಮಾಡಿದ. "ಏಡಿ ಬದುವು ಕೊರದು ನೀರು ನಿಲ್ಲವಲ್ದು. ಸಾವ್ಕಾರ್ರು ಏಡಿ ತೂತಿಗೆ ಎಂಡ್ರಿನ್ ಹಾಕಂದ್ರು. ನಿನ್ನಿ ಸಂಜಿಮುಂದ ಹಾಕಿದ್ವಿ. ಡಬ್ಬಿ ತೊಳದಿದ್ದು ಆ ಗುಂಡ್ಯಾಗ. ಮೀನಿಗೆ ಹಿಂಗ ಆಕ್ಕತಿ ಅಂತ ನಮಗೇನು ಗೊತ್ತು?"

ದುರ್ಗಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಭೀಮವ್ವಗ ಕಳಿಸೀಯೇನ ಹೊಳೆವ್ವ?"

ಹೊಳೆಮ್ಮ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ತಲೆಯೊಳಗೆ ಒಂದೇ ಲೆಕ್ಕ ಓಡುತ್ತಿತ್ತು. ಮೀನು ಮುಟ್ಟಿರುತ್ತದೆ. ಅತ್ತೆ ಕೂಲಿಗೆ ಹೋಗಿರುತ್ತಾಳೆ, ಭೀಮಮ್ಮ ತಾನೇ ತೊಳೆದು ಒಲೆಯ ಮೇಲೆ ಇಡುತ್ತಾಳೆ. ಮಧ್ಯಾಹ್ನದ ಅನ್ನಕ್ಕೆ ಸಾರು. ಅವಳು ಉಂಡರೆ ಹಾಲು, ಹಾಲು ಕುಡಿದರೆ ಕೂಸು. ಬಸ್ಸಿನಲ್ಲಿ ಸುತ್ತಿ ಹೋದರೆ ಸಂಜೆ. ಕೂಗಿ ಹೇಳೋಣವೆಂದರೆ ಆ ದಡದಲ್ಲಿ ಈ ಹೊತ್ತಿಗೆ ನರಪಿಳ್ಳೆ ಇರುವುದಿಲ್ಲ. ತಾಯಪ್ಪನ ಕೈಲಿ ಹೇಳಿಕಳಿಸಿ ಈ ದಡದಲ್ಲಿ ಕಾಯುತ್ತ ಕೂರಲು ಜೀವ ತಡೆಯದು. ಬಂಡೆಯ ಮೇಲಿನ ಮೀನನ್ನೆಲ್ಲ ಹೂಳಲು ದುರ್ಗಕ್ಕನಿಗೆ ಕೈಸನ್ನೆ ಮಾಡಿ, ಅವಳು ಘಟ್ಟದ ಕಡೆ ಓಡಿದಳು. ಓಡುತ್ತ ಓಡುತ್ತಲೇ ಅವಳಿಗೆ ಗೊತ್ತಿತ್ತು, ಈ ದಾರಿಯ ಕೊನೆಗೆ ಹೊಳೆ ಇದೆ.

ತಾಯಪ್ಪ ಹರಿಗೋಲನ್ನು ದಡಕ್ಕೆಳೆದು ಕಲ್ಲಿನ ಮಂಟಪದ ನೆರಳಿನಲ್ಲಿ ಮಲಗಿದ್ದ. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಬೂದಿ. ಅತ್ತಿಗೆ ಓಡಿ ಬರುವುದನ್ನು ಕಂಡು ಎದ್ದು ಕುಳಿತ.

"ದಾಟ್ಸು," ಅಂದಳು ಹೊಳೆಮ್ಮ.

"ಏನು ದಾಟಸಲಿ?"

"ನನ್ನ."

ತಾಯಪ್ಪ ಅವಳ ಮುಖ ನೋಡಿದ. ಸಣ್ಣಂದಿನಿಂದ ಅತ್ತಿಗೆಯನ್ನು ಗೇಲಿ ಮಾಡಿಕೊಂಡೇ ಬೆಳೆದವನು, ಈಗ ಸೀದಾ ಎದ್ದ. ಹರಿಗೋಲನ್ನು ನೀರಿಗೆ ನೂಕಿ, ಅಂಚು ಹಿಡಿದು ನಿಂತ. ಹೊಳೆಮ್ಮ ಒಂದು ಕಾಲಿಟ್ಟಳು. ತಳ ಮೆತ್ತಗೆ ಕುಸಿದ ಹಾಗಾಯಿತು, ಬಿದಿರು ಕಿರುಗುಟ್ಟಿತು. ಇನ್ನೊಂದು ಕಾಲು ನೆಲ ಬಿಟ್ಟು ಬರಲೊಲ್ಲದು. ಮೈಯೆಲ್ಲ ಬೆವರು, ಹಲ್ಲು ಕಟಕಟ ಅನ್ನುತ್ತಿವೆ, ಆ ಉರಿಬಿಸಿಲಲ್ಲಿ. ಭೀಮಮ್ಮನ ಹೆಸರನ್ನು ಗಟ್ಟಿಯಾಗಿ ಅಂದಳು. ಕಾಲು ಬಂತು. ನಡುವೆ ಮುದುರಿ ಕುಳಿತು, ಎರಡೂ ಕೈಯಿಂದ ಬಿದಿರಿನ ಅಡ್ಡಪಟ್ಟಿ ಹಿಡಿದು, ಕಣ್ಣು ಮುಚ್ಚಿದಳು.

ನೀರು ತಳಕ್ಕೆ ಬಡಿಯುವ ಸದ್ದು ನೇರ ಕಿವಿಯೊಳಗೇ ಬಡಿದಂತೆ ಕೇಳುತ್ತಿತ್ತು. ಒಂದು ಚರ್ಮ, ಒಂದಿಷ್ಟು ಬಿದಿರು, ಅದರ ಕೆಳಗೆ ತಳವಿಲ್ಲದ ಹೊಳೆ. ಉಸಿರು ಎಣಿಸೋಣ ಅಂದರೆ ಉಸಿರೇ ಸಿಗದು. ನಡುಹೊಳೆಗೆ ಬಂದಾಗ ತಾಯಪ್ಪ ಮೆಲ್ಲಗೆ ಕೇಳಿದ.

"ಅತ್ತಿಗಿ, ಏನಾತು? ಕೂಸಿಗೇನಾರ?"

"ಬೆಳಿಗ್ಗೆ ಕೊಟ್ಟ ಮೀನು. ವಿಷದ್ದು. ಎಂಡ್ರಿನ್ ಬಿದ್ದ ನೀರಾಗ ಸತ್ತಿದ್ದು."

ಹುಟ್ಟಿನ ಸದ್ದು ನಿಂತಿತು. ಹೊಳೆಮ್ಮ ಕಣ್ಣು ಬಿಟ್ಟಳು. ತಾಯಪ್ಪ ಹುಟ್ಟನ್ನು ಮಡಿಲಿನಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

"ನನ್ ಪಾಲು ನಾ ತಿಂದೆ," ಅಂದ. "ಈಗಿನ್ನ ಕೆಂಡದಾಗ ಸುಟ್ಕಂಡು ತಿಂದೆ. ಆವಾಗಿಂದ ನಾಲಿಗಿ ಜುಂ ಅಂತೈತಿ. ಬೀಡಿ ಜಾಸ್ತಿ ಆತು ಅನ್ಕಂಡಿದ್ದೆ."

ಹರಿಗೋಲು ತನ್ನಷ್ಟಕ್ಕೆ ತಿರುಗುತ್ತ ಕೆಳಮುಖವಾಗಿ ತೇಲುತ್ತಿತ್ತು. ಕೆಳಗೆ ಬಂಡೆಗಳಿದ್ದವು, ಅವುಗಳ ನಡುವೆ ನೀರು ಬೆಳ್ಳಗೆ ಕಾಣುತ್ತಿತ್ತು. ತಾಯಪ್ಪ ಎಚ್ಚೆತ್ತವನಂತೆ ಹುಟ್ಟು ಎತ್ತಿದ. ಎತ್ತಿದ ಕೈ ನಡುಗಿತು. ಮೊದಲು ಬೆರಳು, ಆಮೇಲೆ ತೋಳು, ಆಮೇಲೆ ಕತ್ತು. ಹುಟ್ಟು ಕೈಯಿಂದ ಜಾರಿತು. ನೀರಿಗೆ ಬೀಳುವ ಮೊದಲು ಹೊಳೆಮ್ಮ ಅದನ್ನು ಹಿಡಿದಳು. ಅಡ್ಡಪಟ್ಟಿ ಯಾವಾಗ ಬಿಟ್ಟಳೋ ಅವಳಿಗೇ ತಿಳಿಯದು.

ತಾಯಪ್ಪ ಹರಿಗೋಲಿನ ತಳಕ್ಕೆ ಕುಸಿದು ಬಿದ್ದು ಕಾಲು ಝಾಡಿಸತೊಡಗಿದ. ಬಾಯಂಚಿನಲ್ಲಿ ನೊರೆ ಬಂತು. ಅವನ ಕಾಲು ಬಡಿದಂತೆಲ್ಲ ಹರಿಗೋಲು ಒಂದು ಕಡೆ ವಾಲಿ ನೀರು ಒಳಗೆ ಚಿಮ್ಮುತ್ತಿತ್ತು. ಹೊಳೆಮ್ಮ ತನ್ನ ಕಾಲುಗಳನ್ನು ಅವನ ಕಾಲುಗಳ ಮೇಲೆ ಅಡ್ಡ ಹಾಕಿ ಒತ್ತಿ ಕುಳಿತಳು. ಹುಟ್ಟನ್ನು ನೀರಿಗೆ ಹಾಕಿದಳು. ಹರಿಗೋಲು ಗಿರ್ರನೆ ತಿರುಗಿತು, ಆಚೆ ದಡ ಈಚೆ ಬಂತು, ಈಚೆ ದಡ ಆಚೆ ಹೋಯಿತು.

ಜೀವಮಾನವೆಲ್ಲ ಅವಳು ದಡದಲ್ಲಿ ನಿಂತು ಹರಿಗೋಲು ನೋಡಿದವಳು. ಅಪ್ಪ ಹುಟ್ಟು ಹಾಕುವುದನ್ನು ನೋಡಿದ್ದಳು, ಗಂಡ ಹಾಕುವುದನ್ನು ನೋಡಿದ್ದಳು, ಎಲ್ಲಿ ಮಗುಚಿಕೊಳ್ಳುತ್ತದೋ ಅಂತ ಅಂಜಿ ಅಂಜಿ ಕಣ್ಣು ಕೀಳದೆ ನೋಡಿದ್ದಳು. ಅವರು ಪಕ್ಕಕ್ಕೆ ಹಾಕುತ್ತಿರಲಿಲ್ಲ. ಮುಂದಕ್ಕೆ ಚಾಚಿ ಹಾಕಿ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಹೊಳೆಮ್ಮ ಮುಂದಕ್ಕೆ ಬಾಗಿದಳು. ಬಾಗಿದರೆ ಮುಖದ ಕೆಳಗೇ ನೀರು, ಹಸಿರು, ಕಪ್ಪು, ಒಳಗೆ ಏನೂ ಕಾಣದು. ವಾಂತಿಯಾಯಿತು. ಬಾಯಿ ಒರೆಸದೆ ಹುಟ್ಟು ಹಾಕಿ ಎಳೆದಳು, ಮತ್ತೆ ಹಾಕಿ ಎಳೆದಳು. ಹರಿಗೋಲು ತಿರುಗುವುದು ಕಡಿಮೆಯಾಯಿತು. ಸೊಟ್ಟಸೊಟ್ಟವಾಗಿ, ಬಂಡೆಗಳ ಕಡೆ ಜಾರುತ್ತಲೇ, ಅದು ಆನೆಗುಂದಿಯ ದಡದ ಕಡೆ ಸರಿಯಿತು.

ಘಟ್ಟಕ್ಕಿಂತ ಎಷ್ಟೋ ಕೆಳಗೆ, ಎಮ್ಮೆ ಮೈ ತೊಳೆಯುವ ಕಡೆ ಹರಿಗೋಲು ಒಂದು ಬಂಡೆಗೆ ತಾಗಿ ವಾಲಿತು. ಎಮ್ಮೆಗಳ ಜೊತೆಗಿದ್ದ ಗಂಡಸರು ನೀರಿಗೆ ಹಾರಿ ಅಂಚು ಹಿಡಿದರು. ಹೊಳೆಮ್ಮ ಸೊಂಟದವರೆಗಿನ ನೀರಿಗೆ ಇಳಿದು ನಡೆದಳು. "ಎಂಡ್ರಿನ್ ಹೊಟ್ಟಿಗೆ ಹೋಗೈತಿ, ಇವ್ನ ಜಲ್ದಿ ಗಂಗಾವತಿ ದವಾಖಾನಿಗೆ ಒಯ್ರಿ," ಅಂತ ಅವರಿಗೆ ಹೇಳಿ, ಒದ್ದೆ ಸೀರೆ ಎತ್ತಿ ಕಟ್ಟಿ ಊರೊಳಗೆ ಓಡಿದಳು. ತಾಯಪ್ಪನನ್ನು ಬಿಟ್ಟು ಓಡುತ್ತಿದ್ದೇನಲ್ಲ ಅಂತ ಒಂದು ಕಡೆ ಕರುಳು ಕಿವುಚುತ್ತಿತ್ತು. ಮೈದುನನೂ ಮಗನ ಸಮಾನವೇ. ಆದರೂ ಅವಳು ಹಿಂತಿರುಗಿ ನೋಡಲಿಲ್ಲ.

ಓಣಿಯಲ್ಲಿ ಎಲ್ಲರ ಮನೆಯಿಂದಲೂ ಅಡುಗೆಯ ವಾಸನೆ ಬರುತ್ತಿತ್ತು. ಒಂದು ಮನೆಯಿಂದ ಮೀನು ಸಾರಿನ ವಾಸನೆ ಬಂತು. ಅದು ಮಗಳ ಮನೆಯಲ್ಲ. ಮಗಳ ಮನೆ ಇನ್ನೊಂದು ತಿರುವಿನಾಚೆ. ತಿರುವಿನಲ್ಲಿ ಕೂಸಿನ ಅಳು ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಅಳದ ಕೂಸು ಅಂದರೆ ಏನು ಅರ್ಥ? ಮೊದಲನೆಯದೂ ಹೀಗೇ ಒಂದು ಮಧ್ಯಾಹ್ನ ಅಳು ನಿಲ್ಲಿಸಿತ್ತು.

ಭೀಮಮ್ಮ ಹೊಸ್ತಿಲ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಕೂಸು ಮಲಗಿತ್ತು. ತಾಯಿಯನ್ನು ಕಂಡವಳೇ ಅವಳು ಎದ್ದು ನಿಂತು ಅಳಲು ಶುರುಮಾಡಿದಳು.

"ಉಂಡ್ಯಾ?" ಅಂದಳು ಹೊಳೆಮ್ಮ. "ಮೀನು ಉಂಡ್ಯಾ? ಹೇಳು."

"ಇಲ್ಲವ್ವಾ."

"ಖರೇ ಹೇಳು."

"ನಿನ್ನಾಣಿ ಉಂಡಿಲ್ಲ. ಅಲ್ಲೇ ಗೂಡಿನ್ಯಾಗ ಐತಿ ನೋಡು, ಎಲಿ ಕಟ್ಟಿದ್ದು ಕಟ್ಟಿದಂಗ."

ಹೊಳೆಮ್ಮ ಒಳಗೆ ಹೋಗಿ ನೋಡಿದಳು. ಬಾಳೆ ಎಲೆಯ ಪೊಟ್ಟಣ ಹಾಗೆಯೇ ಇತ್ತು. ಒಲೆ ತಣ್ಣಗಿತ್ತು. ಹೊರಗೆ ಬಂದು ಕೂಸಿನ ಎದೆಯ ಮೇಲೆ ಅಂಗೈ ಇಟ್ಟಳು, ಅದು ನಿದ್ದೆಯಲ್ಲೇ ಮುಖ ಕಿವುಚಿತು. ಆಗ ಅವಳು ನೆಲದ ಮೇಲೆ ಕುಳಿತುಬಿಟ್ಟಳು.

"ಯಾಕ ಉಣಲಿಲ್ಲ?"

ಭೀಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸತ್ತ ಮೀನು ಬಂತಲ್ಲವ್ವಾ. ನೀ ಅಂಜಾಕಿ, ಜೀವ ಇಲ್ಲದ್ದು ಯಾವತ್ತು ಕಳಿಸೀದಿ? ಎಲಿ ಅಂಚು ಸರಿಸಿ ನೋಡಿ ನನ್ ಎದಿ ಧಸಕ್ ಅಂತು. ಅವ್ವಗ ಏನೋ ಆಗೈತಿ, ಬ್ಯಾರೆ ಯಾರೋ ಹಿಡದು ಕಟ್ಟಿ ಕಳಿಸ್ಯಾರ ಅನ್ಕಂಡೆ. ಕೇಳಬೇಕಂದ್ರ ಕಾಕಾ ವಾಪಸ್ ಹೋಗಿದ್ದ. ಆವಾಗಿಂದ ಇಲ್ಲೇ ಕುಂತೀನಿ, ಸುದ್ದಿ ತರೋರು ಯಾರ್ ಬರ್ತಾರೋ ಅಂತ. ಅನ್ನ ಎಲ್ಲಿಂದ ಇಳೀಬೇಕು?"

ಹೊಳೆಮ್ಮ ಮಗಳ ಪಾದ ಹಿಡಿದುಕೊಂಡು ಹಣೆ ಅದರ ಮೇಲಿಟ್ಟಳು. ತಾಯಿ ಮಗಳ ಕಾಲು ಹಿಡಿಯಬಾರದು ಅಂತ ಭೀಮಮ್ಮ ಎಳೆದುಕೊಂಡರೂ ಬಿಡಲಿಲ್ಲ. ಊರೆಲ್ಲ ನಕ್ಕ ಅಂಜಿಕೆ, ಮದುವೆಯ ಊಟ ತಪ್ಪಿಸಿದ ಅಂಜಿಕೆ, ಈ ಹೊಸ್ತಿಲ ಮೇಲೆ ಬೆಳಗಿನಿಂದ ಕುಳಿತು ಮಗಳನ್ನು ಕಾದಿತ್ತು.

ತಾಯಪ್ಪ ಬದುಕಿದ. ಬಹಳ ದಿನ ದವಾಖಾನೆಯಲ್ಲಿದ್ದು, ಮೈ ಇಳಿದು ಬಂದ. ಬಲಗೈ ನಡುಕ ಮಾತ್ರ ಹೋಗಲೇ ಇಲ್ಲ, ಮತ್ತೆ ಅವನು ಹುಟ್ಟು ಹಿಡಿಯಲಿಲ್ಲ. "ಅತ್ತಿಗಿ ನನ್ನೇ ದಾಟ್ಸಿಬಿಟ್ಲು, ನನ್ ಕೆಲಸ ಹೋತು," ಅಂತ ಸಿಕ್ಕವರ ಮುಂದೆಲ್ಲ ಹೇಳಿ ನಗುತ್ತಿದ್ದ. ಹೊಳೆಮ್ಮ ಅವನಿಗೆ ಊಟ ಬಡಿಸುವಾಗೆಲ್ಲ ಆ ಕೈಯ ಕಡೆ ನೋಡದಿರಲು ಹೆಣಗುತ್ತಿದ್ದಳು. ಚನ್ನಯ್ಯನವರು ಮನೆಗೆ ಬಂದು ತಲೆ ತಗ್ಗಿಸಿ ಕುಳಿತು ಹೋದರು. ಏಡಿ ತೂತಿಗೆ ಎಂಡ್ರಿನ್ ಹಾಕುವುದನ್ನು ಅವರು ಬಿಟ್ಟರು, ಉಳಿದವರು ಬಿಡಲಿಲ್ಲ.

ಇನ್ನು ಹೊಳೆಮ್ಮನ ಅಂಜಿಕೆ ಹೋಯಿತೇ ಅಂತ ಕೇಳಿದರೆ, ಎಲ್ಲಿಗೆ ಹೋಗುತ್ತದೆ? ಮಗಳ ಮನೆಯಿಂದ ತಿರುಗಿ ಬರುವಾಗ ಅವಳು ಗಂಗಾವತಿ, ಕಂಪ್ಲಿ ಸುತ್ತಿ ಬಸ್ಸಿನಲ್ಲೇ ಬಂದಳು. ಸೇತುವೆಯ ಮೇಲೆ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು. ಹರಿಗೋಲನ್ನು ಮತ್ತೆ ಹತ್ತಲಿಲ್ಲ. ಅಷ್ಟೇ ಅಲ್ಲ, ಮೊದಲು ತಳ ಕಾಣದ ನೀರಿಗಷ್ಟೇ ಅಂಜುತ್ತಿದ್ದವಳು ಈಗ ತಳ ಕಾಣುವ ನೀರಿಗೂ ಅಂಜತೊಡಗಿದಳು. ಕಾಲುವೆಗೆ ಮತ್ತೆ ನೀರು ಬಿಟ್ಟರು, ಕಲ್ಲಿನ ಸಂದಿನಲ್ಲಿ ಪಾಚಿ ಬೆಳೆಯಿತು, ಹೊಂಗೆಯ ನೆರಳು ಮೊದಲಿನಂತೆ ಬಿದ್ದಿತು. ಹೊಳೆಮ್ಮ ದಿನಾ ಹೋಗಿ ತೂಬಿನ ಪಕ್ಕ ಪಾದ ಇಳಿಬಿಟ್ಟು ಕೂರುವಳು. ನೀರು ತಿಳಿಯಾಗಿರುತ್ತಿತ್ತು, ಒಂದು ಸಸಲೂ ಬಂದು ಕಚ್ಚುತ್ತಿರಲಿಲ್ಲ. ಆ ತಿಳಿನೀರನ್ನು ನೋಡಿದರೆ ಅವಳಿಗೆ ನಡುಹೊಳೆಯ ಕಪ್ಪು ನೀರಿಗಿಂತ ಹೆಚ್ಚು ಭಯವಾಗುತ್ತಿತ್ತು. ಮನೆಗೆ ಬಂದು ಕಾಲು ತೊಳೆದುಕೊಳ್ಳುವಳು. ಸೀರೆಯ ತುಂಡು ಗೂಟಕ್ಕೆ ತೂಗುಬಿದ್ದಿತ್ತು.

ಮೊಮ್ಮಗಳು ನಡೆಯಲು ಕಲಿತು, ಮಾತು ಕಲಿತು, ಅಜ್ಜಿಯ ಊರಿಗೆ ಬಂದಾಗಲೂ ಹಾಗೆಯೇ ಇತ್ತು. ಒಂದು ಬೆಳಿಗ್ಗೆ ಹುಡುಗಿ ಹಟ ಹಿಡಿದು ಹಿಂದೆಯೇ ಬಂದಳು. ಬ್ಯಾಡ ಅಂದರೂ ಕೇಳದೆ ಅಜ್ಜಿಯ ಪಕ್ಕ ಕುಳಿತು ತನ್ನ ಪುಟ್ಟ ಪಾದಗಳನ್ನು ನೀರಿಗೆ ಬಿಟ್ಟಳು. ಹೊಳೆಮ್ಮ ಅವಳ ರಟ್ಟೆ ಬಿಗಿಯಾಗಿ ಹಿಡಿದು, ಆ ಪಾದಗಳನ್ನೇ ನೋಡುತ್ತ, ಈಗ ಎಳೆದುಕೊಳ್ಳಲೋ ಇನ್ನೊಂದು ಗಳಿಗೆ ಬಿಡಲೋ ಅಂತ ಕುಳಿತಿದ್ದಳು. ಹುಡುಗಿ ಇದ್ದಕ್ಕಿದ್ದಂತೆ ಕಿಲಕಿಲ ನಕ್ಕು ಕಾಲು ಮೇಲೆತ್ತಿದಳು.

"ಅಜ್ಜಿ, ಏನೋ ಕಚ್ಚಿತು."

ಹೊಳೆಮ್ಮ ಬಗ್ಗಿ ನೋಡಿದಳು. ಕಲ್ಲಿನ ಸಂದಿನ ನೆರಳಿನಲ್ಲಿ ಒಂದು ಕಪ್ಪು ಗೆರೆ ಸರಿದ ಹಾಗಾಯಿತು, ಕಣ್ಣಲ್ಲಿ ನೀರು ತುಂಬಿದ್ದರಿಂದ ಸರಿಯಾಗಿ ಕಾಣಲಿಲ್ಲ. ಅವಳು ಮೊಮ್ಮಗಳ ಕಾಲನ್ನು ತನ್ನ ಕೈಯಿಂದಲೇ ಮೆಲ್ಲಗೆ ಮತ್ತೆ ನೀರಿಗಿಟ್ಟಳು.

"ಅಲ್ಲಾಡಬ್ಯಾಡ ನನ್ನವ್ವ," ಅಂದಳು. "ಇನ್ನೊಮ್ಮಿ ಕಚ್ಚಲಿ. ಆಮ್ಯಾಲೆ ಮನಿಗೆ ಹೋಗಾಣು."